ಜರ್ಮನ್ ಸಾರ್‌ಗೆ ವಿನಯ ಕಲಿಸಿದ್ದು

ನಾನು ಇಂಗ್ಲಿಷ್ ಕಲಿಸುತ್ತೇನೆ. ಪೂರ್ತಿ ಇಂಗ್ಲಿಷ್ ಅಲ್ಲ. ಕಂಪನಿಗಳಲ್ಲಿ ಕೆಲಸ ಮಾಡುವ ದೊಡ್ಡವರಿಗೆ ಮೀಟಿಂಗಿನಲ್ಲಿ ಹೇಗೆ ಮಾತಾಡಬೇಕು, ಮೇಲ್ ಹೇಗೆ ಬರೆಯಬೇಕು, ಆಗುವುದಿಲ್ಲ ಅನ್ನುವುದನ್ನು ಆಗುವುದಿಲ್ಲ ಅನ್ನದೆ ಹೇಗೆ ಹೇಳಬೇಕು, ಇಷ್ಟು. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆಯವರೆಗೆ ಈ ಕೆಲಸಕ್ಕೆ ಕೊರತೆಯಿಲ್ಲ. ಗಾಜಿನ ಕೋಣೆ, ಬಿಳಿ ಬೋರ್ಡು, ಪೇಪರ್ ಕಪ್ಪಿನಲ್ಲಿ ಆರಿದ ಕಾಫಿ. ಹದಿನಾರು ವರ್ಷ ಇದರಿಂದಲೇ ಅನ್ನ ತಿಂದಿದ್ದೇನೆ. ಇದರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನ್ನ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದರು. ಅಲ್ಲಿ ತಪ್ಪು ಮಾಡಿದವರನ್ನು ಬೈಯುತ್ತಿದ್ದರಂತೆ. ಬೈಸಿಕೊಂಡವರು ಸಂಜೆ ಬೈದವರ ಜೊತೆಯೇ ಕೂತು ಟೀ ಕುಡಿಯುತ್ತಿದ್ದರಂತೆ. ಮಗಳು ಬೈಯದೆ ಇರುವುದನ್ನು ಕಲಿಸಿ ಸಂಪಾದಿಸುತ್ತಾಳೆ ಎಂಬುದು ಅವರಿಗೆ ಕೊನೆಯವರೆಗೂ ಸರಿಯಾಗಿ ಅರ್ಥವಾಗಲಿಲ್ಲ.

ನಾನು ಹೇಳಹೊರಟಿರುವ ಕಾರ್ಖಾನೆ ಬೇರೆ, ಅದು ಇರುವುದು ಬೊಮ್ಮಸಂದ್ರದ ಒಳರಸ್ತೆಯಲ್ಲಿ. ಔಷಧಿ ಕಂಪನಿಗಳ ವಾಸನೆ ದಾಟಿ ಮುಂದೆ ಹೋಗಬೇಕು. ವಾಹನಗಳಿಗೆ ಬೇಕಾದ ತಗಡಿನ ಬಿಡಿಭಾಗಗಳನ್ನು ಅಲ್ಲಿ ಪ್ರೆಸ್ ಯಂತ್ರಗಳಲ್ಲಿ ಒತ್ತಿ ತೆಗೆಯುತ್ತಾರೆ. ಅವರ ಜೊತೆ ವ್ಯವಹಾರವಿದ್ದ ಜರ್ಮನ್ ಕಂಪನಿಯೊಂದು ಒಬ್ಬ ಎಂಜಿನಿಯರನ್ನು ಒಂದು ವರ್ಷಕ್ಕೆ ಕಳಿಸಿತ್ತು. ಐವತ್ತಮೂರು ವರ್ಷದ ಮನುಷ್ಯ. ಎಚ್‌ಆರ್‌ನವರು ನನಗೆ ಫೋನ್ ಮಾಡಿದರು.

"ಮೇಡಂ, ಮನುಷ್ಯ ಒಳ್ಳೆಯವರೇ. ಆದ್ರೆ ಮಾತು ತುಂಬಾ ರಫ್. ಸ್ಟಾಪ್, ನೋ, ಬ್ಯಾಡ್, ಇಷ್ಟೇ. ನಮ್ಮ ವರ್ಕರ್ಸ್ ಹರ್ಟ್ ಆಗ್ತಿದ್ದಾರೆ."

"ಅವರಿಗೆ ಬೇಕಾದದ್ದು ಕೆಲಸದ ಇಂಗ್ಲಿಷಾ, ದಿನನಿತ್ಯದ್ದಾ?"

"ದಿನನಿತ್ಯದ್ದು ಮೇಡಂ. ಗುಡ್ ಮಾರ್ನಿಂಗ್, ಹೌ ಆರ್ ಯೂ, ಪ್ಲೀಸ್, ಥ್ಯಾಂಕ್ಯೂ. ಸ್ವಲ್ಪ ಬೆಣ್ಣೆ ಹಚ್ಚಿ ಕೊಡಿ, ಸಾಕು." ಅವರು ನಕ್ಕರು. ನಾನೂ ನಕ್ಕೆ.

ಆಗಲೇ ಅನುಮಾನ ಬರಬೇಕಿತ್ತು. ಪ್ರೆಸ್ ಶಾಪಿನಲ್ಲಿ ಎಂಟು ಗಂಟೆ ನಿಲ್ಲುವವರ ಮನಸ್ಸು ನೋಯುತ್ತದೆಂದು ಯಾವುದೇ ಎಚ್‌ಆರ್ ತಲೆ ಕೆಡಿಸಿಕೊಂಡಿದ್ದನ್ನು ನಾನು ಹದಿನಾರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ವಾರಕ್ಕೆ ಮೂರು ಬೆಳಿಗ್ಗೆ, ಒಂಬತ್ತರಿಂದ ಹತ್ತೂವರೆ. ಮೊದಲ ದಿನ ಅವರು ಚೌಕಳಿ ಗೆರೆಯ ನೋಟ್‌ಬುಕ್ ತೆರೆದು, ಪೆನ್ಸಿಲಿನ ಮೊನೆ ನೋಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಶಾಲೆಯಲ್ಲಿ ಇಂಗ್ಲಿಷ್ ಓದಿದ್ದರು. ಆಮೇಲೆ ಮೂವತ್ತು ವರ್ಷ ತಮ್ಮ ಚಿಕ್ಕ ಊರಿನ ಒಂದೇ ಕಾರ್ಖಾನೆಯಲ್ಲಿ, ಜರ್ಮನ್ ಬಿಟ್ಟು ಬೇರೆ ಮಾತು ಬೇಕಿಲ್ಲದ ಜಾಗದಲ್ಲಿ ದುಡಿದಿದ್ದರು. ಕೇಳಿದ್ದು ಮುಕ್ಕಾಲು ಅರ್ಥವಾಗುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು ಒಂದೊಂದೇ ಪದ, ಕಲ್ಲು ಇಟ್ಟ ಹಾಗೆ. ಏನು ಕಲಿಯಬೇಕು ಎಂದು ಕೇಳಿದೆ. ಬಹಳ ಹೊತ್ತು ಪದ ಹುಡುಕಿ, ತಲೆಗೂದಲು ಕತ್ತರಿಸುವವನ ಜೊತೆ ಮಾತಾಡಬೇಕು, ಅಪಾರ್ಟ್‌ಮೆಂಟಿನ ವಾಚ್‌ಮನ್ ಊಟ ಆಯ್ತಾ ಎಂದು ಕೇಳಿದರೆ ಏನಾದರೂ ಹೇಳಬೇಕು ಎಂದರು.

ನನಗೆ ಅವರ ಬಗ್ಗೆ ಸ್ವಲ್ಪ ತಾತ್ಸಾರ ಹುಟ್ಟಿತು. ಅದನ್ನು ಮುಚ್ಚಿಡುವುದಿಲ್ಲ. ತಗಡಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲ ಮನುಷ್ಯನಿಗೆ ಟೀಗೆ ಸಕ್ಕರೆ ಕಡಿಮೆ ಹಾಕಿ ಎಂದು ಕೇಳಲು ಬರುತ್ತಿರಲಿಲ್ಲ.

ಕೋಣೆಯಲ್ಲಿ ಕೂತು ಕಲಿತದ್ದು ಬಾಯಿಗೆ ಹತ್ತುವುದಿಲ್ಲ. ಅದಕ್ಕೆ ನಾನು ಕೊನೆಯ ಅರ್ಧ ಗಂಟೆ ನಡೆದಾಡುವ ಪಾಠ ಮಾಡುತ್ತೇನೆ. ಕಂಡ ವಸ್ತುವಿನ ಹೆಸರು ಹೇಳುವುದು, ಎದುರಾದವರನ್ನು ಮಾತಾಡಿಸುವುದು. ಹಾಗೆ ನಾವಿಬ್ಬರೂ ಕ್ಯಾಂಟೀನು, ಗೇಟು, ಸ್ಟೋರ್ಸಿನ ಕಿಟಕಿ, ಪ್ರೆಸ್ ಶಾಪು ಸುತ್ತುತ್ತಿದ್ದೆವು. ಪ್ರೆಸ್ ಶಾಪಿನಲ್ಲಿ ಒಂಬತ್ತು ಯಂತ್ರಗಳು ಒಂದೇ ಸಾಲಿನಲ್ಲಿದ್ದವು. ಏಳನೆಯದರಲ್ಲಿ ನಿಲ್ಲುತ್ತಿದ್ದ ಆಪರೇಟರ್ ನನ್ನನ್ನು ಅಕ್ಕ ಎನ್ನುತ್ತಿದ್ದ. ನಲವತ್ತರ ಆಸುಪಾಸು. ಆ ಕೈಗಾರಿಕಾ ಪ್ರದೇಶ ಬರುವ ಮೊದಲಿನಿಂದ ಅಲ್ಲೇ ಇದ್ದ ಮನೆತನದವನು. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಯಾರದೋ ಲಾರಿ ಯಾರ್ಡಿದೆಯಂತೆ. ಒಮ್ಮೆ ಕ್ಯಾಂಟೀನಿನಲ್ಲಿ ಸಿಕ್ಕಾಗ, ಜರ್ಮನ್ ಸಾರ್ ಮಾತಿನಿಂದ ನಿಮಗೆಲ್ಲ ಬೇಜಾರಾಗುತ್ತಾ ಎಂದು ಕೇಳಿದೆ.

"ಯಾರ್ ಏಳಿದ್ದು?" ಅಂದ. "ಅವ್ರ್ ಮಾತು ನಂಗೆ ಚೆನ್ನಾಗಿ ಅರ್ಥ ಆಯ್ತದೆ ಅಕ್ಕ. ನಮ್ಮಪ್ಪ ಎತ್ತಿಗ್ ಏಳ್ತಿದ್ದಂಗೆ ಏಳ್ತಾರೆ. ನಿಲ್ಲು ಅಂತ ಆಲ್ಟ್ ಅಂದ್ರೆ ಮುಗೀತು, ಕೈ ತಾನೇ ನಿಂತೋಯ್ತದೆ. ನಮ್ ಸೂಪರ್‌ವೈಸರ್ ಇಂಗ್ಲಿಷ್ ಮಾತಾಡಿದ್ರೆ ಅರ್ಧ ದಿನ ಯೋಚ್ನೆ ಮಾಡ್ಬೇಕು, ಬೈದ್ರಾ ಹೊಗಳಿದ್ರಾ ಅಂತ."

ಪಕ್ಕದಲ್ಲಿದ್ದವನು, "ನಿಂಗೆ ಎತ್ತಿನ್ ಭಾಷೆನೇ ಸರಿ ಬಿಡು ಗುರು" ಅಂದ. ಇಬ್ಬರೂ ನಕ್ಕರು. ಹರ್ಟ್ ಆದವರು ನನಗೆ ಅಲ್ಲಿ ಯಾರೂ ಕಾಣಲಿಲ್ಲ. ಆದರೆ ಒಪ್ಪಿಕೊಂಡ ಕೆಲಸ ಒಪ್ಪಿಕೊಂಡ ಕೆಲಸ.

ನನ್ನ ಬಳಿ ಒಂದು ಪಟ್ಟಿಯಿದೆ. ಎಲ್ಲ ಕಂಪನಿಗಳಲ್ಲೂ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಐದು ಮೆಟ್ಟಿಲು. ಮೊದಲನೆಯದು, ನಿಲ್ಲಿಸು. ಎರಡನೆಯದು, ದಯವಿಟ್ಟು ನಿಲ್ಲಿಸಿ. ಮೂರನೆಯದು, ಸ್ವಲ್ಪ ನಿಲ್ಲಿಸುತ್ತೀರಾ. ನಾಲ್ಕನೆಯದರಲ್ಲಿ ಮೊದಲು ಕ್ಷಮೆ ಕೇಳಿ, ನಿಲ್ಲಿಸಿದರೆ ಒಳ್ಳೆಯದಿತ್ತೇನೋ ಎನ್ನಬೇಕು. ಐದನೆಯದರಲ್ಲಿ ನಿಲ್ಲಿಸುವ ಮಾತೇ ಇಲ್ಲ. ಗುಡ್ ಮಾರ್ನಿಂಗ್, ಒಂದು ನಿಮಿಷ ತೊಂದರೆ ಕೊಡಬಹುದೇ, ಇಷ್ಟೇ. ಜರ್ಮನ್ ಇದನ್ನು ಅಚ್ಚುಕಟ್ಟಾಗಿ ಬರೆದುಕೊಂಡರು. ಆಮೇಲೆ ಪೆನ್ಸಿಲಿನಿಂದ ಐದನೆಯದನ್ನು ತೋರಿಸಿ, ಇದನ್ನು ಹೇಳಿ ಮುಗಿಸುವಷ್ಟರಲ್ಲಿ ತಪ್ಪು ಆಗಿ ಮುಗಿದಿರುತ್ತದಲ್ಲ ಎಂದು ಕೇಳಿದರು. ಅದು ತಮಾಷೆ ಎಂದು ತಿಳಿದು ನಾನು ನಕ್ಕೆ. ಅವರು ನಗಲಿಲ್ಲ. ಆದರೂ ಉರು ಹೊಡೆದರು. ಅವರ ದೇಶದ ಶಿಸ್ತಿನ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಕೊಟ್ಟದ್ದನ್ನು ತಪ್ಪದೆ ನುಂಗುವುದಕ್ಕೂ ಶಿಸ್ತು ಎಂದೇ ಹೆಸರು.

ಎರಡು ತಿಂಗಳಲ್ಲಿ ಅವರು ಬದಲಾದರು. ಹೇರ್‌ಕಟ್ ಅಂಗಡಿಯವನ ಮಗಳು ಎಷ್ಟನೇ ಕ್ಲಾಸು ಎಂದು ಬಂದು ನನಗೆ ಹೇಳಿದರು. ಲಿಫ್ಟಿನಲ್ಲಿ ಹವಾಮಾನದ ಬಗ್ಗೆ ಮಾತಾಡತೊಡಗಿದರು. ಪ್ಲಾಂಟ್ ಹೆಡ್ ನನ್ನನ್ನು ತಮ್ಮ ಕೋಣೆಗೆ ಕರೆದು, "ಸಕ್ಕತ್ ಇಂಪ್ರೂವ್‌ಮೆಂಟ್ ಮೇಡಂ. ಮೊದಲು ಕಸ್ಟಮರ್ ಮುಂದೆ ಕರೆದುಕೊಂಡು ಹೋಗೋಕೇ ಹೆದರಿಕೆ ಆಗ್ತಿತ್ತು" ಎಂದರು. ನಾನು ಥ್ಯಾಂಕ್ಯೂ ಎಂದೆ. ಯಾಕೆ ಹೆದರಿಕೆ ಎಂದು ಕೇಳಲಿಲ್ಲ.

ಇನ್ನು ಆ ದಿನದ ಬಗ್ಗೆ. ಇದನ್ನು ನಿಧಾನವಾಗಿ ಬರೆಯುತ್ತೇನೆ.

ಆ ಪ್ರೆಸ್ಸುಗಳಿಗೆ ಎದುರುಗಡೆ ಎರಡು ಹಸಿರು ಗುಂಡಿಗಳಿವೆ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಒಂದು ಕೈಯೂ ಒಳಗಿರುವುದಿಲ್ಲ. ಏಳನೆಯ ಯಂತ್ರದಲ್ಲಿ ಎಡಗಡೆಯ ಗುಂಡಿಗೆ ಮರದ ಬೆಣೆ ಹೊಡೆದು, ಅದು ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡಿದ್ದರು. ಬಲಗೈ ಗುಂಡಿ ಒತ್ತುತ್ತದೆ, ಎಡಗೈ ತಗಡು ಇಟ್ಟು ತೆಗೆಯುತ್ತದೆ. ಗಂಟೆಗೆ ಹೆಚ್ಚು ತುಂಡು ಬೀಳುತ್ತದೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅಲ್ಲಿಯವರೆಗೆ ನನ್ನ ಕಣ್ಣಿಗೆ ಆ ಬೆಣೆ ಯಂತ್ರದ್ದೇ ಒಂದು ಭಾಗ. ತುದಿಗೆ ಹಳದಿ ಬಣ್ಣ, ಅದರ ಮೇಲೆ ಯಂತ್ರದ ನಂಬರು. ನಡೆದಾಡುವ ಪಾಠದಲ್ಲಿ ನಾನೇ ಅದನ್ನು ತೋರಿಸಿ, ಇದೇನು, ಯಾವುದರಿಂದ ಮಾಡಿದ್ದು, ಯಾವ ಬಣ್ಣ ಎಂದು ಕೇಳಿದ್ದೆ. ಜರ್ಮನ್ ಉತ್ತರ ಕೊಡದೆ ಮುಂದೆ ನಡೆದಿದ್ದರು. ಪದ ಗೊತ್ತಿಲ್ಲವೆಂದುಕೊಂಡು ಹೇಳಿಕೊಟ್ಟಿದ್ದೆ.

ಸಮಯ ಹತ್ತು ಗಂಟೆ ದಾಟಿತ್ತು. ನಾವು ಆರನೆಯ ಯಂತ್ರ ದಾಟಿ ಏಳನೆಯದರ ಹತ್ತಿರ ಬಂದೆವು. ಆಪರೇಟರ್ ನಮ್ಮ ಕಡೆ ಪಕ್ಕ ತಿರುಗಿ ನಿಂತಿದ್ದ. ಅವನ ಎಡಗೈ ಒಳಗಿತ್ತು. ತುಂಡೊಂದು ಸಿಕ್ಕಿಕೊಂಡಿದ್ದಿರಬೇಕು, ಬೆರಳಲ್ಲಿ ಅಲುಗಿಸುತ್ತಿದ್ದ. ಬಲಗೈ ಗುಂಡಿಯಿಂದ ಒಂದು ಗೇಣು ಮೇಲಿತ್ತು. ಜರ್ಮನ್ ನಿಂತರು. ಅವರ ಬಾಯಿ ತೆರೆಯಿತು. ಗಂಟಲಿನ ತನಕ ಏನೋ ಬಂದದ್ದು ನನಗೆ ಕಾಣಿಸಿತು. ಆಮೇಲೆ ಅವರು ನನ್ನ ಕಡೆ ನೋಡಿದರು. ಶಿಷ್ಯ ನೋಡುವ ಹಾಗೆ. ನಾನು ತೋರುಬೆರಳು ಎತ್ತಿ, ಪೂರ್ತಿ ವಾಕ್ಯ, ಎಂದು ಸನ್ನೆ ಮಾಡಿದೆ. ಎರಡು ತಿಂಗಳಿಂದ ಮಾಡುತ್ತಿದ್ದ ಸನ್ನೆ ಅದು.

"ಗುಡ್ ಮಾರ್ನಿಂಗ್," ಎಂದರು. "ಮೇ ಐ ಡಿಸ್ಟರ್ಬ್ ಯೂ..."

ದೊಡ್ಡವರು ಗುಡ್ ಮಾರ್ನಿಂಗ್ ಹೇಳಿದರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಆತ ಮಾಡಿದ. ಮುಖ ತಿರುಗಿಸಿ, ನಕ್ಕು, "ಗುಡ್ ಮಾರ್ನಿಂಗ್ ಸಾರ್" ಎಂದ. ಮೈ ನಮ್ಮ ಕಡೆ ತಿರುಗಿದಾಗ ಬಲಗೈ ಊರಿಕೊಳ್ಳಲು ಜಾಗ ಹುಡುಕಿತು. ಗುಂಡಿಯ ಮೇಲೆ ಊರಿತು.

ಎಡಗೈಯ ತೋರುಬೆರಳು ಮತ್ತು ನಡುಬೆರಳು ಎರಡನೆಯ ಗೆಣ್ಣಿನವರೆಗೆ ಹೋದವು. ಆತ ಕಿರುಚಲಿಲ್ಲ. ಅವನ ಮುಖದ ನಗು ಕೂಡಲೇ ಹೋಗಲಿಲ್ಲ. ನಾನು ಈಗಲೂ ನಿದ್ದೆಯಲ್ಲಿ ನೋಡುವುದು ರಕ್ತವನ್ನಲ್ಲ, ಆ ನಗುವನ್ನು.

ಆಸ್ಪತ್ರೆಯಿಂದ ಆತ ಮನೆಗೆ ಬರುವ ಮೊದಲೇ ಚಾರ್ಜ್‌ಶೀಟ್ ಮನೆಗೆ ಹೋಗಿತ್ತು. ಸುರಕ್ಷತಾ ಸಾಧನವನ್ನು ತಾನೇ ಕೆಡಿಸಿ, ಯಾರಿಗೂ ತಿಳಿಸದೆ ಯಂತ್ರ ನಡೆಸಿದ್ದಕ್ಕೆ ಯಾಕೆ ಕೆಲಸದಿಂದ ತೆಗೆಯಬಾರದು ಎಂದು ಕೇಳಿದ್ದರು. ಅದೇ ವಾರ ಬೇರೆ ಪ್ರೆಸ್ಸುಗಳಲ್ಲಿದ್ದ ಬೆಣೆಗಳೂ ಮಾಯವಾದವು. ಇದನ್ನು ನಾನು ನೋಡಿದ್ದು ಹೇಗೆಂದರೆ, ನನ್ನ ತರಗತಿಗಳು ನಿಂತಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಅದೇ ಗಾಜಿನ ಕೋಣೆಯಲ್ಲಿ ನಾನು, ಜರ್ಮನ್, ಆರಿದ ಕಾಫಿ. ನಾನು ಹೋದೆ. ಇದನ್ನೂ ಬರೆದಿಡುತ್ತೇನೆ.

ಅವರು ಅಪಘಾತದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ತಿದ್ದಿಕೊಡಿ ಎಂದರು. ಬೇಕಾದದ್ದನ್ನು ಹುಡುಕಲು ತಮ್ಮ ನೋಟ್‌ಬುಕ್ಕಿನ ಹಳೆಯ ಹಾಳೆಗಳನ್ನು ತಿರುವಿದಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಬೆಣೆಯ ಚಿತ್ರ, ಅಳತೆ ಸಮೇತ. ಅದರ ಕೆಳಗೆ ಒಂದರಿಂದ ಒಂಬತ್ತರವರೆಗೆ ನಂಬರುಗಳು, ಅವುಗಳಲ್ಲಿ ಏಳು ನಂಬರುಗಳ ಮುಂದೆ ಟಿಕ್ ಗುರುತು, ಉಳಿದೆರಡರ ಮುಂದೆ ಇಲ್ಲ. ಅದು ಅವರು ಬಂದ ಮೊದಲ ವಾರದ ಹಾಳೆ. ನಾನು ಕೇಳಿದೆ. ಅವರು ತಮ್ಮ ಹಳೆಯ ರೀತಿಯಲ್ಲಿ, ಒಂದೊಂದೇ ಪದ ಇಟ್ಟು ಹೇಳಿದರು. ಕಸ್ಟಮರ್ ಕಂಪನಿಯವರು ಕಾರ್ಖಾನೆ ನೋಡಲು ಬಂದ ದಿನ ಅವರ ಎದುರಿಗೇ ಪ್ಲಾಂಟ್ ಹೆಡ್‌ಗೆ ಬೆಣೆಗಳನ್ನು ತೋರಿಸಿ, ಇದು ಮರ, ಇದು ಕೂಡದು, ಎಲ್ಲ ಯಂತ್ರ ನಿಲ್ಲಿಸಿ, ಎಂದಿದ್ದರಂತೆ. ಯಂತ್ರ ನಿಲ್ಲಲಿಲ್ಲವಂತೆ.

"ಮುಂದಿನ ವಾರ ನೀವು ಬಂದಿರಿ," ಎಂದರು. ಅದರಲ್ಲಿ ಆರೋಪವಿರಲಿಲ್ಲ. ದಿನಾಂಕ ಹೇಳುವ ಹಾಗೆ ಹೇಳಿದರು.

ವರ್ಕರ್ಸ್ ಹರ್ಟ್ ಆಗಿದ್ದಾರೆ ಎಂಬ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಸತ್ಯ ಹೇಳುವ ಒಂದು ಬಾಯಿ ಆ ಕಾರ್ಖಾನೆಯೊಳಗೆ ಬಂದಿತ್ತು. ಅದನ್ನು ಮುಚ್ಚಿಸುವುದಕ್ಕೆ ಗದರಬೇಕಾಗಿರಲಿಲ್ಲ, ವಾಪಸ್ ಕಳಿಸಬೇಕಾಗಿರಲಿಲ್ಲ. ಟೀಚರನ್ನು ಇಟ್ಟರೆ ಸಾಕಿತ್ತು. ಅಷ್ಟು ಸುಲಭದ ಉಪಾಯಕ್ಕೆ ಒದಗುವ ಹೆಂಗಸು ನಾನು. ಎರಡು ತಿಂಗಳು ವಾರಕ್ಕೆ ಮೂರು ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ ಒದಗಿದ್ದೆ.

ಎನ್‌ಕ್ವೈರಿ ನಡೆಸಲು ಹೊರಗಿನಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಆಪರೇಟರ್‌ಗೆ ತನ್ನ ಪರ ಸಾಕ್ಷಿ ಕರೆಯುವ ಅವಕಾಶವಿತ್ತು. ಆತ ನನಗೆ ಫೋನ್ ಮಾಡಿದ.

"ಅಕ್ಕ, ಜೊತೇಲ್ ಕೆಲ್ಸ ಮಾಡೋರು ಯಾರೂ ಬರಲ್ಲ ಅಂತಾರೆ. ಅವ್ರದ್ದೂ ಹೊಟ್ಟೆಪಾಡು, ತಪ್ಪೇನಿಲ್ಲ. ನೀವ್ ಬಂದು ಕಂಡಿದ್ದು ಏಳಿದ್ರೆ ಸಾಕು. ಜಾಸ್ತಿ ಏನೂ ಬ್ಯಾಡ. ಈ ಕೈ ಇಟ್ಕೊಂಡು ಬೇರೆ ಕಡೆ ಯಾರೂ ಕೆಲ್ಸಕ್ಕೆ ತಗೊಳಲ್ಲ."

ಬರುತ್ತೇನೆ ಎಂದೆ. ಸಂಜೆಯೊಳಗೆ ಎಚ್‌ಆರ್‌ನವರಿಂದಲೂ ಫೋನ್ ಬಂತು. "ಮೇಡಂ, ನೀವು ಟೆಕ್ನಿಕಲ್ ಅಲ್ವಲ್ಲ, ನಿಮಗ್ಯಾಕೆ ಈ ತಲೆನೋವು ಅಂತ. ಆಫೀಸ್ ಸ್ಟಾಫ್‌ಗೆ ಹೊಸ ಬ್ಯಾಚ್ ಶುರು ಮಾಡೋಣ ಅಂತಿದ್ವಿ, ಅದರ ಬಗ್ಗೆ ಮಾತಾಡೋಣ." ಅವರ ದನಿಯಲ್ಲಿ ಒಂದು ಗಡಸು ಅಕ್ಷರವೂ ಇರಲಿಲ್ಲ. ನನ್ನ ಪಟ್ಟಿ ಅವರಿಗೆ ಬೇಕಿರಲೇ ಇಲ್ಲ. ಅದನ್ನು ಕರಗತ ಮಾಡಿಕೊಂಡೇ ಹುಟ್ಟಿದವರು.

ಎನ್‌ಕ್ವೈರಿ ನಡೆದದ್ದು ನಮ್ಮ ತರಗತಿಯ ಕೋಣೆಯಲ್ಲೇ. ಸೂಪರ್‌ವೈಸರ್ ಮೊದಲು ಬಂದು, ಬೆಣೆ ಎಂಬುದನ್ನು ಆ ದಿನದವರೆಗೆ ನೋಡೇ ಇಲ್ಲ ಎಂದರು. ಆಮೇಲೆ ಜರ್ಮನ್ ಬಂದರು. ಬೇರೆ ಯಂತ್ರಗಳಲ್ಲೂ ಇಂಥ ಬೆಣೆ ನೋಡಿದ್ದೀರಾ ಎಂದು ವಕೀಲರು ಇಂಗ್ಲಿಷಿನಲ್ಲಿ ಕೇಳಿದರು. ಆಪರೇಟರ್ ಕಟ್ಟು ಹಾಕಿದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಜರ್ಮನ್ ಮುಖವನ್ನೇ ನೋಡುತ್ತಿದ್ದ. ನೋಟ್‌ಬುಕ್ ಅವರ ಜೇಬಿನಲ್ಲೇ ಇತ್ತು, ಅದರ ಮೂಲೆ ನನಗೆ ಕಾಣುತ್ತಿತ್ತು.

ಜರ್ಮನ್ ಗಂಟಲು ಸರಿಮಾಡಿಕೊಂಡರು. ಕ್ಷಮೆ ಕೇಳಿದರು. ಇಷ್ಟು ದಿನಗಳ ನಂತರ ನಿಖರವಾಗಿ ಹೇಳುವುದು ಸ್ವಲ್ಪ ಕಷ್ಟವಾಗಬಹುದೇನೋ ಎಂದರು. ಒಟ್ಟಾರೆಯಾಗಿ, ಎಲ್ಲ ಕಡೆ ಇರುವ ಹಾಗೆ, ಇಲ್ಲೂ ಸುಧಾರಣೆಗೆ ಅವಕಾಶವಿದ್ದಿರಬಹುದು ಎಂದರು. ನಾಲ್ಕನೆಯ ಮೆಟ್ಟಿಲು. ಒಂದು ತಪ್ಪೂ ಇರಲಿಲ್ಲ. ತಡವರಿಕೆ ಕೂಡ ಇರಲಿಲ್ಲ. ನನ್ನ ಹದಿನಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅಷ್ಟು ಸ್ವಚ್ಛವಾಗಿ ಮಾತಾಡಿದ್ದಿಲ್ಲ. ಅವರ ಕಂಪನಿಯಿಂದ ಏನಾದರೂ ಸೂಚನೆ ಬಂದಿತ್ತೋ, ಬೆರಳು ಹೋಗುವ ಮುಂಚೆ ಅವನನ್ನು ಮಾತಾಡಿಸಿದವರು ತಾವೇ ಎಂಬ ಭಯವೋ, ನನಗೆ ಗೊತ್ತಿಲ್ಲ. ಎದ್ದು ಹೋಗುವಾಗ ನನ್ನನ್ನು ನೋಡಲಿಲ್ಲ.

ನನ್ನ ಸರದಿ ಬಂತು. ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿದೆ. ವಕೀಲರು ಆಗಲಿ ಎಂದರು. ಇಂಗ್ಲಿಷಿನಲ್ಲಿ ಹೇಳಿದರೆ ನಾನೂ ಮೆಟ್ಟಿಲು ಹತ್ತುತ್ತೇನೆಂದು ನನಗೆ ಗೊತ್ತಿತ್ತು. ಒಂಬತ್ತು ಪ್ರೆಸ್ಸುಗಳಿವೆ. ಅವುಗಳಲ್ಲಿ ಏಳು ಪ್ರೆಸ್ಸುಗಳಿಗೆ ಬೆಣೆ ಇತ್ತು, ಒಂದನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ ಇರಲಿಲ್ಲ. ಎಲ್ಲವೂ ಒಂದೇ ಅಳತೆ, ತುದಿಗೆ ಹಳದಿ ಬಣ್ಣ, ಯಂತ್ರದ ನಂಬರು. ಸ್ಟೋರ್ಸಿನ ಕಿಟಕಿಯಲ್ಲಿ ಗ್ಲೌಸ್ ಕೇಳುವ ಪಾಠ ಮಾಡುವಾಗ, ಒಳಗಿನ ಕಪಾಟಿನಲ್ಲಿ ಒಂದು ಟ್ರೇ ತುಂಬ ಅಂಥವೇ ಬೆಣೆಗಳಿದ್ದವು. ಒಬ್ಬ ಆಪರೇಟರ್ ಮುರಿದದ್ದನ್ನು ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊಸದು ತೆಗೆದುಕೊಂಡ. ಸೂಪರ್‌ವೈಸರ್ ಆಗ ಕಿಟಕಿಯ ಪಕ್ಕದಲ್ಲೇ ನಿಂತಿದ್ದರು. ನಾನು ಅವರಿಗೆ ಗುಡ್ ಮಾರ್ನಿಂಗ್ ಹೇಳಿದೆ. ಇಷ್ಟು ನೋಡಿದ್ದೇನೆ, ಎಂದೆ.

ವಕೀಲರು ಬರೆದುಕೊಂಡು, ಸ್ಟೋರ್ಸಿನ ರಿಜಿಸ್ಟರ್ ತರಿಸಿ ಎಂದರು. ಎಚ್‌ಆರ್‌ನವರು ಫ್ಯಾನ್ ಕಡೆ ನೋಡಿದರು.

ರಿಜಿಸ್ಟರ್ ಬರಲೇ ಇಲ್ಲ. ಎರಡು ವಾರದ ಮೇಲೆ ಚಾರ್ಜ್ ಕೈಬಿಟ್ಟರು. ಕೈಬಿಡುವಾಗಲೂ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಮುಂದೆ ಎಚ್ಚರಿಕೆಯಿಂದಿರಬೇಕೆಂದು ಆಪರೇಟರ್‌ಗೇ ಒಂದು ಪತ್ರ ಕೊಟ್ಟು ಸ್ಟೋರ್ಸಿಗೆ ಹಾಕಿದರು. ನನಗೆ ಹೊಸ ಬ್ಯಾಚ್ ಸಿಗಲಿಲ್ಲ. ಜರ್ಮನ್ ವರ್ಷ ತುಂಬುವ ಮೊದಲೇ ಊರಿಗೆ ಹೋದರು, ಹೋಗಿ ಒಂದು ಮೇಲ್ ಬರೆದರು. ನಿಮ್ಮ ತರಗತಿಗಳಿಂದ ನನಗೆ ಬಹಳ ಉಪಯೋಗವಾಯಿತು ಎಂದು. ಓದಿ ಮುಗಿಸಿ ಅಳಿಸಿ ಹಾಕಿದೆ.

ಈಚೆಗೆ ಬೊಮ್ಮಸಂದ್ರದ ಮೆಟ್ರೋ ಸ್ಟೇಷನ್ನಿನ ಕೆಳಗೆ, ಮಧ್ಯಾಹ್ನ ಶಿಫ್ಟ್ ಬಿಟ್ಟ ಹೊತ್ತಿನಲ್ಲಿ ಆಪರೇಟರ್ ಸಿಕ್ಕ. ನಾನು ಬೇರೊಂದು ಕಂಪನಿಯ ತರಗತಿ ಮುಗಿಸಿ ಬರುತ್ತಿದ್ದೆ. ಬಲವಂತ ಮಾಡಿ ಟೀ ಕುಡಿಸಿದ. ಸ್ಟೋರ್ಸ್ ಹೇಗಿದೆ ಎಂದೆ.

"ಕೂತ್ಕಂಡ್ ಮಾಡೋ ಕೆಲ್ಸ. ಹೊಟ್ಟೆ ಬತ್ತಾ ಅದೆ." ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತಿದ್ದ. "ನೀವ್ ಬಂದು ಏಳಿದ್ರಿ, ನನ್ ಕೆಲ್ಸ ಉಳೀತು. ಅದ್ನ ಮರೆಯಲ್ಲ ಅಕ್ಕ. ಒಂದ್ ಮಾತ್ ಕೇಳ್ಲಾ, ಬೇಜಾರ್ ಮಾಡ್ಕೋಬೇಡಿ."

"ಕೇಳಿ."

"ಅವತ್ತು ಸಾರ್ ಮಾತ್ ಹುಡುಕ್ತಾ ನಿಂತಿದ್ರು. ನೀವ್ ಪಕ್ಕದಲ್ಲೇ ಇದ್ರಿ. ನನ್ ಕೈ ಒಳಗಿರೋದು ನಿಮ್ಗೆ ಕಾಣ್ತಿತ್ತಾ?"

"ಕಾಣ್ತಿತ್ತು," ಎಂದೆ.

"ನೀವಾದ್ರೂ ಒಂದ್ ಸಲ ಏಯ್ ಅನ್ನಬಾರ್ದಿತ್ತಾ?"

ಬಸ್ಸುಗಳು ಹೋಗುತ್ತಿದ್ದವು. ಇದಕ್ಕೆ ಉತ್ತರವನ್ನು ಮೃದುವಾಗಿ ಹೇಳುವ ನಾಲ್ಕೈದು ದಾರಿಗಳು ನನಗೆ ಗೊತ್ತಿದ್ದವು. ಅವರು ವಾಕ್ಯ ಪೂರ್ತಿ ಮಾಡಲಿ ಅಂತ ಕಾಯುತ್ತಿದ್ದೆ, ಎಂದೆ.

ಆತನ ಮುಖದಲ್ಲಿ ಕೋಪವಿರಲಿಲ್ಲ. ಗ್ಲಾಸನ್ನು ಅಂಗಡಿಯವನ ಕಟ್ಟೆಯ ಮೇಲಿಟ್ಟ.

"ಹೌದಲ್ವಾ," ಅಂದ. "ಕ್ಲಾಸ್ ನಡೀತಿತ್ತು."